ಹೊಸ ನರ್ಸಿನ ಮೊದಲ ಐದು ನಿಮಿಷ

ಆಸ್ಪತ್ರೆಯಲ್ಲಿ ಮಲಗಿರುವವರಿಗೆ ಏನಾದರೂ ಹೆಚ್ಚುಕಡಿಮೆಯಾದರೆ ಡಾಕ್ಟರ್ ಓಡಿ ಬರುತ್ತಾರೆ ಎಂಬ ನಂಬಿಕೆಯಿಂದಲೇ ನಾವು ಮನೆಯವರನ್ನು ಅಲ್ಲಿ ಬಿಟ್ಟು ಬರುತ್ತೇವೆ. ಡಾಕ್ಟರ್ ಬರುವುದು ನಿಜ. ಅದಕ್ಕೂ ಮೊದಲು ಯಾರೋ ಒಬ್ಬರು ರೋಗಿಯ ಮುಖ ನೋಡಿ ‘ಇದು ಸರಿಯಿಲ್ಲ’ ಎಂದು ಗುರುತಿಸಬೇಕು, ಅವರನ್ನು ಕರೆಸಬೇಕು, ಅವರು ಬರುವ ತನಕ ರೋಗಿಯ ಉಸಿರು ಕಾಯಬೇಕು. ಆ ಒಬ್ಬರು ಹೆಚ್ಚಿನ ಸಲ ನರ್ಸ್. ರಾತ್ರಿ ಪಾಳಿಯಲ್ಲಾದರೆ ಕೆಲಸಕ್ಕೆ ಸೇರಿ ಕೆಲವೇ ವಾರಗಳಾದ, ಇನ್ನೂ ವಾರ್ಡಿನ ಕಪಾಟುಗಳ ಬೀಗದ ಕೈ ಯಾವುದಕ್ಕೆ ಯಾವುದೆಂದು ಹುಡುಕುವ ಹಂತದಲ್ಲಿರುವ ನರ್ಸ್ ಆಗಿರುವ ಸಾಧ್ಯತೆಯೂ ಕಡಿಮೆಯಿಲ್ಲ. ಹೃದಯ ನಿಂತರೆ ನಾಲ್ಕರಿಂದ ಆರು ನಿಮಿಷಗಳಲ್ಲಿ ಮಿದುಳಿಗೆ ಸರಿಪಡಿಸಲಾಗದ ಹಾನಿ ಶುರುವಾಗುತ್ತದೆ. ಅಷ್ಟರೊಳಗೆ ನಡೆಯುವುದೆಲ್ಲ ಅವರ ಕೈಯಲ್ಲಿದೆ. ಈ ನಿಮಿಷಗಳಿಗೆ ಹೊಸಬರನ್ನು ತಯಾರು ಮಾಡುವ ಹೊಣೆ ಅವರನ್ನು ನೇಮಿಸಿಕೊಂಡ ಆಸ್ಪತ್ರೆಯದು ಎಂಬುದು ಈ ಲೇಖನದ ವಾದ. ಆ ತರಬೇತಿ ಅವರು ದುಡಿಯುವ ವಾರ್ಡಿನಲ್ಲೇ, ಸ್ವಲ್ಪ ಸ್ವಲ್ಪವಾಗಿ, ಮತ್ತೆ ಮತ್ತೆ ನಡೆಯಬೇಕು. ಅದರ ಮೊದಲ ಪಾಠ ಬೇಗ ಗುರುತಿಸುವುದು ಮತ್ತು ಹಿಂಜರಿಯದೆ ಕರೆಯುವುದು.

ಕಾಲೇಜಿನಲ್ಲಿ ಕಲಿತೇ ಬಂದಿರುತ್ತಾರಲ್ಲ ಎಂಬ ಮಾತು ಇಲ್ಲಿ ಮೊದಲು ಏಳುತ್ತದೆ. ಜಿಎನ್‌ಎಂ ಡಿಪ್ಲೊಮಾ ಮೂರು ವರ್ಷದ್ದು, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷದ್ದು. ಹೃದಯದ ರಚನೆ, ಔಷಧದ ಪ್ರಮಾಣ, ಪ್ರಥಮ ಚಿಕಿತ್ಸೆ, ಎದೆ ಒತ್ತುವ ವಿಧಾನ ಎಲ್ಲವೂ ಪಾಠದಲ್ಲಿವೆ. ಆದರೆ ವಿದ್ಯಾರ್ಥಿಯಾಗಿ ವಾರ್ಡಿಗೆ ಬಂದಾಗ ನಿಜವಾದ ತುರ್ತು ಎದುರಾದರೆ ಏನಾಗುತ್ತದೆ? ರೋಗಿಯ ಸುತ್ತ ಅನುಭವಿಗಳು ಸೇರುತ್ತಾರೆ, ವಿದ್ಯಾರ್ಥಿಗಳನ್ನು ಆಚೆ ನಿಲ್ಲಿ ಎನ್ನುತ್ತಾರೆ. ರೋಗಿಯ ಜೀವದ ದೃಷ್ಟಿಯಿಂದ ಅದು ಸರಿಯೇ. ಇದರಿಂದಾಗಿ ನಾಲ್ಕು ವರ್ಷ ಓದಿಯೂ ಒಂದೇ ಒಂದು ಸಲ ತಾವೇ ಮುಂದೆ ನಿಂತು ನಿರ್ಧಾರ ತೆಗೆದುಕೊಳ್ಳದೆ ಕೆಲಸಕ್ಕೆ ಸೇರುವವರು ಬಹಳ. ಅಮೆರಿಕದ ನರ್ಸಿಂಗ್ ಸಂಶೋಧಕಿ ಮಾರ್ಲಿನ್ ಕ್ರೇಮರ್ 1974ರಲ್ಲೇ ಕಾಲೇಜಿಗೂ ವಾರ್ಡಿಗೂ ನಡುವಿನ ಈ ಆಘಾತದ ಬಗ್ಗೆ ಒಂದು ಪುಸ್ತಕವನ್ನೇ ಬರೆದರು. ಹತ್ತು ವರ್ಷಗಳ ನಂತರ ಇನ್ನೊಬ್ಬ ಸಂಶೋಧಕಿ ಪೆಟ್ರೀಷಿಯಾ ಬೆನ್ನರ್, ಹೊಸ ನರ್ಸ್ ಪರಿಣತ ನರ್ಸ್ ಆಗುವ ಹಂತಗಳನ್ನು ವಿವರಿಸಿದರು. ಪರಿಣತರು ರೋಗಿಯನ್ನು ಇಡಿಯಾಗಿ ನೋಡುತ್ತಾರೆ. ಹೊಸಬರ ಕಣ್ಣಿಗೆ ಬೀಳುವುದು ಮಾಡಬೇಕಾದ ಕೆಲಸಗಳ ಪಟ್ಟಿ: ಹತ್ತು ಗಂಟೆಯ ಇಂಜೆಕ್ಷನ್, ಹನ್ನೊಂದಕ್ಕೆ ಡ್ರಿಪ್ ಬದಲಾವಣೆ, ಹನ್ನೆರಡಕ್ಕೆ ಬಿಪಿ. ಪಟ್ಟಿಯನ್ನು ಚಾಚೂ ತಪ್ಪದೆ ಮುಗಿಸುವ ಭರದಲ್ಲಿ, ಆ ಪಟ್ಟಿಯಲ್ಲಿಲ್ಲದ ಸಂಗತಿ, ಅಂದರೆ ರೋಗಿ ಸಂಜೆಗಿಂತ ಸೊರಗಿರುವುದು, ಕಾಣದೇ ಹೋಗುತ್ತದೆ. ಓದು ಸಾಲದ್ದರಿಂದ ಹೀಗಾಗುತ್ತದೆ ಎನ್ನಲಾಗದು. ಕಲಿಕೆಯ ಮುಂದಿನ ಅಧ್ಯಾಯ ವಾರ್ಡಿನಲ್ಲೇ ತೆರೆದುಕೊಳ್ಳುವಂಥದ್ದು, ಅದನ್ನು ಅಲ್ಲಿ ಕಲಿಸುವವರು ಬೇಕು.

ಆಸ್ಪತ್ರೆಯೊಳಗೆ ಹೃದಯ ನಿಲ್ಲುವುದು ಸಿಡಿಲು ಬಡಿದಂತೆ ಆಗುತ್ತದೆಂದು ಅನೇಕರು ತಿಳಿದಿದ್ದಾರೆ. ಹೆಚ್ಚಿನ ಸಲ ಹಾಗಲ್ಲ. 1990ರಲ್ಲಿ ಅಮೆರಿಕದ ಒಂದು ಆಸ್ಪತ್ರೆಯಲ್ಲಿ ಹೃದಯ ನಿಂತ 64 ರೋಗಿಗಳ ಕೇಸ್‌ಶೀಟುಗಳನ್ನು ತಿರುವಿ ನೋಡಿದಾಗ, ಅವರಲ್ಲಿ ಶೇ 84 ಮಂದಿಯ ಸ್ಥಿತಿ ಅದಕ್ಕೂ ಹಿಂದಿನ ಎಂಟು ಗಂಟೆಗಳಲ್ಲೇ ಹದಗೆಡುತ್ತಿದ್ದುದು ಕಂಡುಬಂತು. ಬರೆದಿಟ್ಟವರು ಇದ್ದರು, ಬರೆದದ್ದರ ಅರ್ಥ ಹಿಡಿದು ಎಚ್ಚರಿಸುವ ವ್ಯವಸ್ಥೆ ಇರಲಿಲ್ಲ. ಇಂಥ ಅಧ್ಯಯನಗಳು ಮುಂದೆ ಬೇರೆ ದೇಶಗಳಲ್ಲೂ ನಡೆದು, ‘ಮುನ್ನೆಚ್ಚರಿಕೆ ಅಂಕ’ ಎಂಬ ಪದ್ಧತಿ ಹುಟ್ಟಿಕೊಂಡಿತು. ಬ್ರಿಟನ್ನಿನ ರಾಯಲ್ ಕಾಲೇಜ್ ಆಫ್ ಫಿಸಿಷಿಯನ್ಸ್ 2012ರಲ್ಲಿ ಇಡೀ ದೇಶಕ್ಕೆ ಒಂದೇ ಕೋಷ್ಟಕ ರೂಪಿಸಿ, 2017ರಲ್ಲಿ ಪರಿಷ್ಕರಿಸಿತು. ಉಸಿರಾಟ, ಸ್ಯಾಚುರೇಷನ್ (ರಕ್ತದಲ್ಲಿನ ಆಕ್ಸಿಜನ್ ಮಟ್ಟ), ಆಕ್ಸಿಜನ್ ಕೊಡುತ್ತಿದ್ದಾರೆಯೇ ಇಲ್ಲವೇ, ಬಿಪಿ, ಪಲ್ಸ್, ಪ್ರಜ್ಞೆ, ಜ್ವರ ಎಂಬ ಏಳು ಸಂಗತಿಗಳಿಗೆ ಅಂಕ ಕೊಟ್ಟು ಕೂಡಿಸಬೇಕು. ಮೊತ್ತ 5 ಆದರೆ ತಡಮಾಡದೆ ಡಾಕ್ಟರ್ ನೋಡಬೇಕು, 7 ಮುಟ್ಟಿದರೆ ತುರ್ತು ತಂಡವೇ ಬರಬೇಕು.

ಕೋಷ್ಟಕದ ಬೆಲೆ ಗೊತ್ತಾಗಬೇಕಾದರೆ ಒಂದು ಲೆಕ್ಕ ಹಾಕಿ ನೋಡಬೇಕು. ಹಿಂದಿನ ದಿನ ಹೊಟ್ಟೆಯ ಆಪರೇಷನ್ ಆದ ರೋಗಿ ಎಂದುಕೊಳ್ಳೋಣ. ಮಾತಾಡಿಸಿದರೆ ಸರಿಯಾಗಿಯೇ ಉತ್ತರಿಸುತ್ತಾರೆ. ಜ್ವರ 101 ಡಿಗ್ರಿ, ಬಿಪಿಯ ಮೇಲಿನ ಅಂಕಿ 108, ಪಲ್ಸ್ 118, ಸ್ಯಾಚುರೇಷನ್ 94, ಉಸಿರು ನಿಮಿಷಕ್ಕೆ 26. ಒಂದೊಂದನ್ನೇ ನೋಡಿದರೆ ಹೊಸಬರು ಗಾಬರಿಯಾಗುವಂಥದ್ದು ಏನೂ ಇಲ್ಲ. ಆಪರೇಷನ್ ಆಗಿದೆ, ನೋವಿದೆ, ಸ್ವಲ್ಪ ಜ್ವರ ಬಂದಿದೆ, ಬೆಳಿಗ್ಗೆ ರೌಂಡ್ಸಿನಲ್ಲಿ ಹೇಳಿದರಾಯಿತು ಎನ್ನಿಸುತ್ತದೆ. ಅಂಕ ಹಾಕಿದರೆ ಜ್ವರಕ್ಕೆ 1, ಬಿಪಿಗೆ 1, ಪಲ್ಸಿಗೆ 2, ಸ್ಯಾಚುರೇಷನ್ನಿಗೆ 1, ಉಸಿರಾಟಕ್ಕೆ 3. ಒಟ್ಟು 8. ಬೆಳಿಗ್ಗೆಯವರೆಗೆ ಕಾಯುವ ರೋಗಿ ಇವರಲ್ಲ. ಇಲ್ಲಿ ಅತಿ ಹೆಚ್ಚು ಅಂಕ ತಂದದ್ದು ಉಸಿರಾಟ ಎಂಬುದನ್ನು ಗಮನಿಸಬೇಕು. ಪಲ್ಸನ್ನೂ ಬಿಪಿಯನ್ನೂ ಯಂತ್ರ ತೋರಿಸುತ್ತದೆ. ಉಸಿರನ್ನು ಎಣಿಸಲು ಗಡಿಯಾರ ಹಿಡಿದು ಪೂರ್ತಿ ಒಂದು ನಿಮಿಷ ರೋಗಿಯ ಎದೆ ನೋಡುತ್ತ ನಿಲ್ಲಬೇಕು. ಆದ್ದರಿಂದಲೇ ಅನೇಕ ದೇಶಗಳ ಆಸ್ಪತ್ರೆಗಳಲ್ಲಿ ಹೆಚ್ಚು ಅಲಕ್ಷ್ಯಕ್ಕೆ ಒಳಗಾಗುವ ಅಳತೆ ಇದು, ಎಣಿಸದೆಯೇ ಅಂದಾಜಿನಲ್ಲಿ 20 ಎಂದು ಬರೆದುಬಿಡುವ ಅಳತೆ. ದೇಹ ಹದಗೆಡುತ್ತಿರುವುದನ್ನು ಎಲ್ಲಕ್ಕಿಂತ ಮೊದಲು ಹೇಳುವುದೂ ಬಹಳ ಸಲ ಇದೇ. ಹೊಸ ನರ್ಸಿಗೆ ಕಲಿಸುವ ತುರ್ತು ತರಬೇತಿಯಲ್ಲಿ ಒಂದೇ ಒಂದು ಸಂಗತಿಗೆ ಜಾಗವಿದೆ ಎಂದರೆ, ಉಸಿರೆಣಿಸುವುದನ್ನೇ ಕಲಿಸಿ ಎನ್ನುತ್ತೇನೆ.

ಗುರುತಿಸಿದ್ದಾಯಿತು, ಇನ್ನು ಕರೆಯಬೇಕು. ಇಲ್ಲಿಯೇ ಅಸಲು ತೊಡಕು. ರಾತ್ರಿ ಎರಡು ಗಂಟೆಗೆ ಡ್ಯೂಟಿ ಡಾಕ್ಟರಿಗೆ ಫೋನ್ ಮಾಡಿ, ‘ಇಷ್ಟಕ್ಕೆಲ್ಲ ಎಬ್ಬಿಸ್ತೀರಾ ಸಿಸ್ಟರ್?’ ಎಂದು ಒಂದು ಸಲ ಬೈಸಿಕೊಂಡವರು ಎರಡನೇ ಸಲ ಫೋನ್ ಕೈಗೆತ್ತಿಕೊಳ್ಳುವ ಮೊದಲು ಹತ್ತು ನಿಮಿಷ ಯೋಚಿಸುತ್ತಾರೆ. ಆ ಹತ್ತು ನಿಮಿಷವೇ ರೋಗಿಯ ಪಾಲಿಗೆ ದುಬಾರಿ. ಸಿಡ್ನಿಯ ಲಿವರ್‌ಪೂಲ್ ಆಸ್ಪತ್ರೆ 1990ರಲ್ಲಿ ಇದಕ್ಕೊಂದು ದಾರಿ ಹುಡುಕಿತು. ಕರೆಯುವುದಕ್ಕೆ ಅಳತೆಗಳನ್ನು ಮೊದಲೇ ಬರೆದಿಟ್ಟು, ಅವು ಮುಟ್ಟಿದ ಕೂಡಲೇ ಯಾರು ಬೇಕಾದರೂ ತುರ್ತು ತಂಡವನ್ನು ಕರೆಯಬಹುದು ಎಂಬ ನಿಯಮ ತಂದಿತು. ಕರೆದದ್ದು ನರ್ಸಿನ ಅಭಿಪ್ರಾಯವಾಗಿ ಉಳಿಯದೆ ಆಸ್ಪತ್ರೆಯ ನಿಯಮವಾಯಿತು, ಬೈಗುಳಕ್ಕೆ ಆಸ್ಪದ ತಗ್ಗಿತು.

ಹೀಗೆ ಕರೆಯುವುದರಿಂದ ಜೀವ ಉಳಿದದ್ದಕ್ಕೆ ಪುರಾವೆ ಏನು ಎಂದು ಕೇಳುವವರಿದ್ದಾರೆ, ಆ ಪ್ರಶ್ನೆ ನ್ಯಾಯವಾದದ್ದು. 2005ರಲ್ಲಿ ಆಸ್ಟ್ರೇಲಿಯಾದ 23 ಆಸ್ಪತ್ರೆಗಳಲ್ಲಿ ನಡೆದ ದೊಡ್ಡ ಅಧ್ಯಯನವೊಂದರ ಫಲಿತಾಂಶ ಪ್ರಕಟವಾಯಿತು. ತುರ್ತು ತಂಡ ಇದ್ದ ಆಸ್ಪತ್ರೆಗಳಿಗೂ ಇಲ್ಲದವಕ್ಕೂ ಸಾವಿನ ಸಂಖ್ಯೆಯಲ್ಲಿ ಗಣನೀಯ ವ್ಯತ್ಯಾಸ ಕಾಣಲಿಲ್ಲ. ತಂಡ ಕಟ್ಟುವುದೇ ವ್ಯರ್ಥ ಎಂಬ ವಾದಕ್ಕೆ ಇದು ಬಲ ಕೊಟ್ಟಿತು. ಆದರೆ ಅದೇ ಅಧ್ಯಯನದ ಒಳಗೆ ಇನ್ನೊಂದು ಸಂಗತಿಯಿತ್ತು. ತಂಡ ಇದ್ದ ಆಸ್ಪತ್ರೆಗಳಲ್ಲೂ, ಅಳತೆ ಮುಟ್ಟಿದ್ದ ಬಹಳಷ್ಟು ರೋಗಿಗಳಿಗಾಗಿ ತಂಡವನ್ನು ಯಾರೂ ಕರೆದೇ ಇರಲಿಲ್ಲ. ನನ್ನ ಓದಿನಲ್ಲಿ ಆ ಅಧ್ಯಯನದ ದೊಡ್ಡ ಪಾಠ ಇದೇ: ನಿಯಮವನ್ನು ಗೋಡೆಗೆ ಅಂಟಿಸಿದ ಮಾತ್ರಕ್ಕೆ ಫೋನ್ ಮೇಲೇಳುವುದಿಲ್ಲ. ಕರೆಯುವುದನ್ನೂ ಬಾಯಿಬಿಟ್ಟು ಅಭ್ಯಾಸ ಮಾಡಿಸಬೇಕು.

ಅಭ್ಯಾಸ ಹೇಗಿರುತ್ತದೆ ಎಂದು ಹೇಳುತ್ತೇನೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಬಳಕೆಯಲ್ಲಿದ್ದು ಅಲ್ಲಿನ ಆಸ್ಪತ್ರೆಗಳಿಗೆ ಬಂದ ಒಂದು ಕ್ರಮವಿದೆ. ಈಗ ಏನಾಗಿದೆ, ಹಿನ್ನೆಲೆ ಏನು, ನನಗೆ ಏನನ್ನಿಸುತ್ತಿದೆ, ನಿಮ್ಮಿಂದ ಏನು ಬೇಕು ಎಂಬ ನಾಲ್ಕನ್ನು ಇದೇ ಸಾಲಿನಲ್ಲಿ ಹೇಳುವುದು. ಹಿಂದೆ ಹೇಳಿದ ರೋಗಿಯ ಬಗ್ಗೆ ಹೊಸ ನರ್ಸ್ ಹೀಗೆ ಹೇಳಬಹುದು: ‘ಸರ್, ಸರ್ಜಿಕಲ್ ವಾರ್ಡಿನಿಂದ ಸಿಸ್ಟರ್ ಮಾತಾಡ್ತಿದ್ದೀನಿ. ಹನ್ನೆರಡನೇ ಬೆಡ್ಡಿನವರಿಗೆ ಉಸಿರು 26, ಪಲ್ಸ್ 118, ಬಿಪಿ 108, ಜ್ವರ 101 ಇದೆ. ನಿನ್ನೆ ಹೊಟ್ಟೆ ಆಪರೇಷನ್ ಆಗಿದೆ, ಸಂಜೆ ಇಷ್ಟೊಂದು ಸುಸ್ತಿರಲಿಲ್ಲ. ಸೋಂಕು ರಕ್ತಕ್ಕೆ ಏರಿರಬಹುದು ಅನ್ನಿಸ್ತಿದೆ. ನೀವು ಈಗಲೇ ಬಂದು ನೋಡಬೇಕು. ಅಷ್ಟರಲ್ಲಿ ಇನ್ನೊಂದು ಲೈನ್ ಹಾಕಿ, ಬ್ಲಡ್ ಸ್ಯಾಂಪಲ್ ತೆಗೆದಿಡ್ಲಾ?’ ಅರ್ಧ ನಿಮಿಷದ ಮಾತು. ‘ಸರ್, ಪೇಶೆಂಟ್ ಒಂಥರಾ ಇದ್ದಾರೆ’ ಎನ್ನುವುದಕ್ಕೂ ಇದಕ್ಕೂ ಇರುವ ಅಂತರ, ಡಾಕ್ಟರ್ ಎದ್ದು ಬರುವುದಕ್ಕೂ ‘ಒಂದು ಪ್ಯಾರಾಸಿಟಮಾಲ್ ಕೊಡಿ, ಬೆಳಿಗ್ಗೆ ನೋಡೋಣ’ ಎನ್ನುವುದಕ್ಕೂ ಇರುವ ಅಂತರ. ಇದನ್ನು ಓದಿಸಿದರೆ ಸಾಲದು, ಇನ್‌ಚಾರ್ಜ್ ಸಿಸ್ಟರ್ ಎದುರಿಗೆ ಕೂತು ಡಾಕ್ಟರ್ ಪಾತ್ರ ವಹಿಸಿ ಹೇಳಿಸಬೇಕು. ಬೇಸರದ ದನಿಯಲ್ಲಿ ಅಡ್ಡ ಪ್ರಶ್ನೆ ಹಾಕಿದರೂ ‘ನೀವು ಬರಲೇಬೇಕು ಸರ್’ ಎಂಬ ಮಾತು ಹೊಸಬರ ಬಾಯಲ್ಲಿ ನಿಲ್ಲುವವರೆಗೆ ಹೇಳಿಸಬೇಕು.

ಇಷ್ಟೆಲ್ಲ ಆಗಿಯೂ ಕೆಲವು ರೋಗಿಗಳ ಹೃದಯ ನಿಲ್ಲುತ್ತದೆ. ಆಗ ಕೈ ಕೆಲಸ ಮಾಡಬೇಕು. ಎದೆಯ ಮಧ್ಯದಲ್ಲಿ ಐದರಿಂದ ಆರು ಸೆಂಟಿಮೀಟರ್ ಆಳಕ್ಕೆ, ನಿಮಿಷಕ್ಕೆ 100ರಿಂದ 120 ಸಲ ಒತ್ತಬೇಕು. ಪ್ರತಿ 30 ಒತ್ತಿಗೆ ಆಂಬು ಬ್ಯಾಗಿನಿಂದ ಎರಡು ಉಸಿರು. ಎರಡು ನಿಮಿಷಕ್ಕೊಮ್ಮೆ ಒತ್ತುವವರು ಬದಲಾಗಬೇಕು, ಏಕೆಂದರೆ ಎಷ್ಟೇ ಗಟ್ಟಿಗರಾದರೂ ಅಷ್ಟರಲ್ಲಿ ಒತ್ತು ಮೇಲುಮೇಲಾಗತೊಡಗುತ್ತದೆ. ಹೃದಯಕ್ಕೆ ಶಾಕ್ ಕೊಡುವ ಯಂತ್ರವಾದ ಡಿಫಿಬ್ರಿಲೇಟರಿನ ವಿಷಯದಲ್ಲಂತೂ ನಿಮಿಷದ ಲೆಕ್ಕ ಕಠೋರ. ಅಮೆರಿಕದ ಆಸ್ಪತ್ರೆಗಳ ಅಂಕಿಅಂಶದ ಮೇಲೆ 2008ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಶಾಕ್ ಬೇಕಿದ್ದವರಿಗೆ ಎರಡು ನಿಮಿಷದೊಳಗೆ ಅದು ಸಿಕ್ಕಿದ್ದರೆ ಶೇ 39.3 ಮಂದಿ ಬದುಕಿ ಮನೆಗೆ ಹೋದರು, ಅದಕ್ಕಿಂತ ತಡವಾದರೆ ಶೇ 22.2 ಮಾತ್ರ. ಅದೇ ವರ್ಷದ ಇನ್ನೊಂದು ಅಧ್ಯಯನದ ಪ್ರಕಾರ ರಾತ್ರಿ ಹೃದಯ ನಿಂತವರಲ್ಲಿ ಶೇ 14.7 ಮಂದಿ ಬದುಕಿದರೆ, ಹಗಲು ಮತ್ತು ಸಂಜೆ ಅದು ಶೇ 19.8 ಇತ್ತು. ರಾತ್ರಿ ಸಿಬ್ಬಂದಿ ಕಡಿಮೆ, ಹಿರಿಯರು ಕಡಿಮೆ, ರೋಗಿಯನ್ನು ನೋಡುವ ಕಣ್ಣುಗಳೇ ಕಡಿಮೆ. ಹೊಸಬರನ್ನು ಬೇಗ ರಾತ್ರಿ ಪಾಳಿಗೆ ಹಾಕುವ ನಮ್ಮ ರೂಢಿಯನ್ನು ಈ ಅಂಕಿಗಳ ಪಕ್ಕದಲ್ಲಿಟ್ಟು ನೋಡಬೇಕು.

ಈ ಕೈಚಳಕ ಸರ್ಟಿಫಿಕೇಟಿನಷ್ಟು ಬಾಳಿಕೆ ಬರುವುದಿಲ್ಲ. ಹೀಗೆ ಎದೆ ಒತ್ತಿ ಉಸಿರು ಕೊಡುವ ಸಿಪಿಆರ್ ತರಬೇತಿಯ ಕಾರ್ಡಿಗೆ ಸಾಮಾನ್ಯವಾಗಿ ಎರಡು ವರ್ಷದ ಅವಧಿ ಇರುತ್ತದೆ. ಕೈಯಲ್ಲಿನ ಕೌಶಲವೋ ಮೂರರಿಂದ ಆರು ತಿಂಗಳಲ್ಲೇ ಇಳಿಯತೊಡಗುತ್ತದೆಂದು ಅಧ್ಯಯನಗಳು ಮತ್ತೆ ಮತ್ತೆ ತೋರಿಸಿವೆ. ಇದಕ್ಕೆ ಮದ್ದೂ ಗೊತ್ತಿದೆ. ಅಮೆರಿಕದ ಹತ್ತು ನರ್ಸಿಂಗ್ ಶಾಲೆಗಳ ವಿದ್ಯಾರ್ಥಿಗಳ ಮೇಲೆ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ತಿಂಗಳಿಗೊಮ್ಮೆ ಬರೀ ಆರು ನಿಮಿಷ ಬೊಂಬೆಯ ಮೇಲೆ ಅಭ್ಯಾಸ ಮಾಡಿದವರು ಕೌಶಲವನ್ನು ಉಳಿಸಿಕೊಂಡರು, ಕೆಲವರು ಇನ್ನೂ ಸುಧಾರಿಸಿದರು. ಅಭ್ಯಾಸ ಮಾಡದವರು ಸರಿಯಾದ ಆಳಕ್ಕೆ ಒತ್ತುವ ಶಕ್ತಿಯನ್ನೇ ಕಳೆದುಕೊಂಡರು. ಆರು ನಿಮಿಷವೆಂದರೆ ಪಾಳಿ ಬದಲಾಗುವಾಗ ಹ್ಯಾಂಡ್‌ಓವರಿಗೆ ಹಿಡಿಯುವ ಸಮಯಕ್ಕಿಂತಲೂ ಕಡಿಮೆ.

ಬೊಂಬೆಯ ಜೊತೆಗೆ ವಾರ್ಡಿನದೇ ಸಾಮಾನುಗಳನ್ನು ಬಳಸುವ ಅಣಕು ತಾಲೀಮು ಬೇಕು. ಹೊಸ ನರ್ಸ್ ಮೊದಲ ವರ್ಷದಲ್ಲೇ ಎದುರಿಸಬಹುದಾದ ಒಂದು ತುರ್ತನ್ನು ನೋಡಿ: ನರಕ್ಕೆ ಆ್ಯಂಟಿಬಯಾಟಿಕ್ ಕೊಟ್ಟು ಎರಡು ನಿಮಿಷ ಆಗಿಲ್ಲ, ರೋಗಿ ಮೈ ತುರಿಸಿಕೊಳ್ಳುತ್ತಾರೆ, ದನಿ ಒಡೆಯುತ್ತದೆ, ತುಟಿ ಊದುತ್ತದೆ, ಬಿಪಿ ಕುಸಿಯುತ್ತದೆ. ತೀವ್ರ ಅಲರ್ಜಿ. ಆ್ಯಂಟಿಬಯಾಟಿಕ್ ನಿಲ್ಲಿಸಿ, ದೊಡ್ಡವರಿಗಾದರೆ ಅರ್ಧ ಮಿಲಿಗ್ರಾಂ ಅಡ್ರಿನಲಿನ್ ಅನ್ನು ತೊಡೆಯ ಹೊರಭಾಗದ ಸ್ನಾಯುವಿಗೆ ಚುಚ್ಚಬೇಕು, ಕಾಲು ಎತ್ತರಿಸಬೇಕು, ಆಕ್ಸಿಜನ್ ಹಾಕಬೇಕು, ವೇಗವಾಗಿ ಸಲೈನ್ ಬಿಡಬೇಕು. ಪರೀಕ್ಷೆಯಲ್ಲಿ ಕೇಳಿದರೆ ಹೊಸಬರೆಲ್ಲ ಇದನ್ನು ಬರೆಯಬಲ್ಲರು. ತಾಲೀಮಿನಲ್ಲಿ ಬೇರೆಯದೇ ಬಯಲಾಗುತ್ತದೆ. ತುರ್ತು ಟ್ರಾಲಿ ವಾರ್ಡಿನ ಆ ತುದಿಯಲ್ಲಿದೆ, ಅದಕ್ಕೆ ಬೀಗ, ಕೀ ಹಗಲು ಪಾಳಿಯವರ ಬಳಿ. ಅಡ್ರಿನಲಿನ್ ಪಕ್ಕದಲ್ಲೇ ಅದೇ ಗಾತ್ರದ ಅಟ್ರೋಪಿನ್ ಆಂಪ್ಯೂಲ್ ಇದೆ. ಆಕ್ಸಿಜನ್ ಸಿಲಿಂಡರ್ ತುಂಬಿದೆ, ತಿರುಗಿಸುವ ಕೀಲಿ ಕಾಣುತ್ತಿಲ್ಲ. ಲಾರಿಂಗೋಸ್ಕೋಪಿನ ಸೆಲ್ ಮುಗಿದಿದೆ. ಇವು ನರ್ಸಿನ ಅಜ್ಞಾನದಿಂದ ಆದ ತಪ್ಪುಗಳಲ್ಲ, ವಾರ್ಡಿನ ವ್ಯವಸ್ಥೆಯ ತಪ್ಪುಗಳು. ಹೊರಗಿನ ತರಬೇತಿ ಕೇಂದ್ರದ ಎಷ್ಟೇ ಒಳ್ಳೆಯ ಬೊಂಬೆಯೂ ಇವನ್ನು ತೋರಿಸಿಕೊಡಲಾರದು. ವಾರ್ಡಿನಲ್ಲೇ ಕಲಿಸಬೇಕು ಎಂದು ನಾನು ಹಟ ಹಿಡಿಯುವುದು ಈ ಕಾರಣಕ್ಕೆ: ಅಲ್ಲಿ ಕಲಿಯುವುದು ನರ್ಸ್ ಒಬ್ಬರೇ ಅಲ್ಲ, ಆಸ್ಪತ್ರೆಯೂ ಕಲಿಯುತ್ತದೆ.

ಕರ್ನಾಟಕಕ್ಕೆ ಇದು ಪರದೇಶದ ವಿಚಾರವೂ ಅಲ್ಲ. ಉತ್ತರ ಕರ್ನಾಟಕದಲ್ಲಿ ತಾಯಿ-ಮಗುವಿನ ಆರೈಕೆಗಾಗಿ ನಡೆದ ಸುಕ್ಷೇಮ ಯೋಜನೆಯಡಿ ಅನುಭವಿ ನರ್ಸ್‌ಗಳನ್ನೇ ಮಾರ್ಗದರ್ಶಕರನ್ನಾಗಿ ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಕಳುಹಿಸಲಾಯಿತು. ನರ್ಸ್‌ಗಳನ್ನು ಜಿಲ್ಲಾ ಕೇಂದ್ರಕ್ಕೆ ಕರೆಸಿ ಉಪನ್ಯಾಸ ಕೊಡುವ ಬದಲು, ಮಾರ್ಗದರ್ಶಕರೇ ಹೆರಿಗೆ ಕೋಣೆಗೆ ಬಂದು, ಅಲ್ಲಿನ ಕಪಾಟು ತೆರೆದು, ಅಲ್ಲಿನ ಕೇಸ್‌ಶೀಟು ನೋಡಿ ಕಲಿಸಿದರು. ಬಳ್ಳಾರಿ ಮತ್ತು ಕಲಬುರಗಿ ಜಿಲ್ಲೆಗಳ ನೂರಕ್ಕೂ ಹೆಚ್ಚು ಕೇಂದ್ರಗಳನ್ನು ಎರಡು ಗುಂಪು ಮಾಡಿ ನಡೆಸಿದ ಅಧ್ಯಯನ 2016ರಲ್ಲಿ ಪ್ರಕಟವಾಯಿತು. ಮಾರ್ಗದರ್ಶನ ಸಿಕ್ಕ ಕೇಂದ್ರಗಳ ಸಿದ್ಧತೆಯೂ ಅಲ್ಲಿನ ನರ್ಸ್‌ಗಳ ತಿಳಿವಳಿಕೆಯೂ ಉತ್ತಮಗೊಂಡಿದ್ದವು. ಹೆರಿಗೆಯ ಬೆನ್ನಲ್ಲೇ ಶುರುವಾಗುವ ರಕ್ತಸ್ರಾವ, ನಂಜಿನಿಂದ ಬರುವ ಫಿಟ್ಸ್, ಹುಟ್ಟಿದ ಕೂಡಲೇ ಅಳದ ಮಗು, ಇವು ಡಾಕ್ಟರಿಗಾಗಿ ಕಾಯುವ ತುರ್ತುಗಳಲ್ಲ. ಈಗ ತಾಲ್ಲೂಕು ಆಸ್ಪತ್ರೆಗಳಿಗೆ ಇನ್ನೊಂದು ಹೊಣೆ ಸೇರಿದೆ. ಪುನೀತ್ ರಾಜಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆಯಲ್ಲಿ, ಎದೆನೋವೆಂದು ಬಂದವರ ಇಸಿಜಿಯನ್ನು ಅಲ್ಲೇ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರ ಸಲಹೆ ಪಡೆದು, ಹೃದಯಾಘಾತವೆಂದು ಖಚಿತವಾದರೆ ರಕ್ತದ ಗಡ್ಡೆ ಕರಗಿಸುವ ದುಬಾರಿ ಇಂಜೆಕ್ಷನ್ನನ್ನು ಉಚಿತವಾಗಿ ಕೊಡುತ್ತಾರೆ. ಬಹಳ ಒಳ್ಳೆಯ ಯೋಜನೆ. ಆದರೆ ಎದೆನೋವಿನವರನ್ನು ಓಪಿಡಿ ಸಾಲಿನಲ್ಲಿ ಕೂರಿಸದೆ ಕೂಡಲೇ ಇಸಿಜಿಗೆ ಮಲಗಿಸಬೇಕು ಎಂಬುದು ಅಲ್ಲಿನ ನರ್ಸಿಗೆ ಹೊಳೆಯದಿದ್ದರೆ ಇಂಜೆಕ್ಷನ್ ಫ್ರಿಜ್ಜಿನಲ್ಲೇ ಉಳಿಯುತ್ತದೆ.

ಸಮಯವೆಲ್ಲಿದೆ ಎಂಬುದು ಆಸ್ಪತ್ರೆಗಳು ಎತ್ತುವ ದೊಡ್ಡ ಆಕ್ಷೇಪ. ಬೋಧನಾ ಆಸ್ಪತ್ರೆಯಲ್ಲಿ ಮೂವರು ರೋಗಿಗಳಿಗೆ ಒಬ್ಬರು, ಸಾಮಾನ್ಯ ಆಸ್ಪತ್ರೆಯಲ್ಲಿ ಐವರಿಗೆ ಒಬ್ಬರು ನರ್ಸ್ ಇರಬೇಕೆಂದು ಭಾರತೀಯ ನರ್ಸಿಂಗ್ ಕೌನ್ಸಿಲ್ ಹೇಳಿದೆ. ನಮ್ಮ ವಾರ್ಡುಗಳಿಗೆ ಹೋಗಿಬಂದ ಯಾರಿಗೂ ಈ ಲೆಕ್ಕ ನಿಜವೆನ್ನಿಸದು. ಸಿಬ್ಬಂದಿ ಕೊರತೆಯನ್ನು ತರಬೇತಿ ತುಂಬಲಾರದು, ಅದನ್ನು ನಾನು ಪೂರ್ತಿ ಒಪ್ಪುತ್ತೇನೆ. ನೇಮಕಾತಿ ಕೇಳುವ ನರ್ಸ್‌ಗಳ ಬೇಡಿಕೆ ನ್ಯಾಯವಾದದ್ದು. ಆದರೆ ಕೊರತೆ ಇರುವಲ್ಲೇ ಹೊಸಬರು ಒಂಟಿಯಾಗುತ್ತಾರೆ, ಒಂಟಿಯಾಗುವವರಿಗೇ ತಯಾರಿ ಹೆಚ್ಚು ಬೇಕು. ಕಲಿಸಿದ ಮೇಲೆ ಬೆಂಗಳೂರಿಗೋ ಗಲ್ಫಿಗೋ ಇಂಗ್ಲೆಂಡಿಗೋ ಹೋಗಿಬಿಡುತ್ತಾರೆ, ನಮಗೇನು ಲಾಭ ಎನ್ನುವ ಖಾಸಗಿ ಆಡಳಿತಗಾರರಿದ್ದಾರೆ. ಅವರು ಹೋಗುವವರೆಗೆ ನಿಮ್ಮ ರೋಗಿಗಳನ್ನೇ ನೋಡಿಕೊಳ್ಳುತ್ತಾರಲ್ಲ ಎಂಬುದೇ ಅದಕ್ಕೆ ಉತ್ತರ. ಕಾನೂನಿನ ಭಯವೂ ಇದೆ: ಡಾಕ್ಟರ್ ಆದೇಶವಿಲ್ಲದೆ ನರ್ಸ್ ಔಷಧ ಕೊಡಬಹುದೇ? ಹೆರಿಗೆಯ ತುರ್ತಿನಲ್ಲಿ ಮ್ಯಾಗ್ನೀಸಿಯಂ ಸಲ್ಫೇಟಿನ ಮೊದಲ ಡೋಸ್ ಕೊಟ್ಟು ಮುಂದಕ್ಕೆ ಕಳುಹಿಸಲು ಕೇಂದ್ರ ಸರ್ಕಾರದ ಮಾರ್ಗಸೂಚಿಯೇ ಎಎನ್‌ಎಂ ಮತ್ತು ನರ್ಸ್‌ಗಳಿಗೆ ಅನುಮತಿ ಕೊಟ್ಟಿದೆ. ಅದೇ ರೀತಿ ಅಲರ್ಜಿಗೆ ಅಡ್ರಿನಲಿನ್, ಸಕ್ಕರೆ ಕುಸಿದವರಿಗೆ ಗ್ಲೂಕೋಸ್ ಮುಂತಾದ ಕೆಲವಕ್ಕೆ ಆಸ್ಪತ್ರೆಯ ಮುಖ್ಯಸ್ಥರು ಸಹಿ ಮಾಡಿದ ಲಿಖಿತ ಆದೇಶ ವಾರ್ಡಿನಲ್ಲಿ ಮೊದಲೇ ಇರಬೇಕು. ಅಂಥ ಕಾಗದವಿಲ್ಲದೆ ನಿರ್ಧಾರದ ಭಾರವನ್ನು ಹೊಸ ನರ್ಸಿನ ತಲೆಗೆ ಹೊರಿಸುವುದು ಅನ್ಯಾಯ.

ಅತಿಯಾಗಿ ಕರೆದರೆ ಡಾಕ್ಟರುಗಳಿಗೆ ತೊಂದರೆ ಎಂಬ ಮಾತೂ ಬರುತ್ತದೆ. ಹೊಸಬರು ಮೊದಲ ತಿಂಗಳುಗಳಲ್ಲಿ ಬೇಕಾದ್ದಕ್ಕಿಂತ ಹೆಚ್ಚು ಕರೆಯುತ್ತಾರೆ, ಖಂಡಿತ. ಕರೆದ ಹತ್ತರಲ್ಲಿ ಆರು ಸುಳ್ಳಾದರೆ ಆ ಆರರಿಂದಲೂ ಅವರು ಕಲಿಯುತ್ತಾರೆ, ಅದೂ ಡಾಕ್ಟರ್ ಬಂದು ‘ಇದು ಯಾಕೆ ಅಪಾಯವಲ್ಲ’ ಎಂದು ಎರಡು ಮಾತು ಹೇಳಿ ಹೋದರೆ. ಕರೆಯದೇ ಉಳಿದ ಒಂದರಿಂದ ಕಲಿಯುವ ಪಾಠಕ್ಕೆ ಬೆಲೆ ತೆರುವವರು ರೋಗಿ.

ಓದುಗರಲ್ಲಿ ಒಂದು ವಿನಂತಿ. ಸರ್ಕಾರಿ ಆಸ್ಪತ್ರೆಗಳಿಗೆ, ಪ್ರಾಥಮಿಕ ಆರೋಗ್ಯ ಕೇಂದ್ರಗಳಿಗೆ ಆರೋಗ್ಯ ರಕ್ಷಾ ಸಮಿತಿಗಳಿವೆ, ಅವುಗಳಲ್ಲಿ ಊರಿನ ಪ್ರತಿನಿಧಿಗಳೂ ಇರುತ್ತಾರೆ. ನೀವು ಸದಸ್ಯರಾಗಿದ್ದರೆ, ಇಲ್ಲವೇ ಸದಸ್ಯರ ಪರಿಚಯವಿದ್ದರೆ, ಮುಂದಿನ ಸಭೆಯಲ್ಲಿ ಮೂರು ಪ್ರಶ್ನೆ ಕೇಳಿಸಿ: ತುರ್ತು ಟ್ರಾಲಿಯನ್ನು ಕೊನೆಯದಾಗಿ ಪರೀಕ್ಷಿಸಿದ್ದು ಯಾವ ದಿನ? ಅಣಕು ತಾಲೀಮು ಕೊನೆಯದಾಗಿ ನಡೆದದ್ದು ಯಾವಾಗ? ಈ ವರ್ಷ ಸೇರಿದ ನರ್ಸ್‌ಗಳು ಅದರಲ್ಲಿದ್ದರೇ? ಸಿಪಿಆರ್ ಬೊಂಬೆ ಇಲ್ಲವೆಂಬ ಉತ್ತರ ಬಂದರೆ ಒಂದನ್ನು ಕೊಡಿಸಲು ಸಮಿತಿಯನ್ನು ಒಪ್ಪಿಸಿ. ಮತ್ತೆ, ನಿಮ್ಮವರು ಆಸ್ಪತ್ರೆಯಲ್ಲಿರುವಾಗ ರಾತ್ರಿ ಪಾಳಿಯ ಸಿಸ್ಟರ್ ಹಾಸಿಗೆಯ ಪಕ್ಕ ಗಡಿಯಾರ ನೋಡುತ್ತ ಒಂದು ನಿಮಿಷ ಸುಮ್ಮನೆ ನಿಂತಿದ್ದರೆ ದಯವಿಟ್ಟು ಮಾತಾಡಿಸಬೇಡಿ, ಅವರು ಉಸಿರು ಎಣಿಸುತ್ತಿರುತ್ತಾರೆ.